ಕೆಂಪು ಕ್ಯಾಸೆಟ್ಟು

ಭಾನುವಾರ, ಬೆಳಗ್ಗೆ ಹತ್ತು ಗಂಟೆ. ಮುಂಬಯಿಯ ವಡಾಲದ ನಮ್ಮ ಮನೆಯಲ್ಲಿ ನಾನು, ಹೆಂಡತಿ ಇದ್ದೆವು; ಜೊತೆಗೆ ತೀರಿಹೋದ ನಮ್ಮ ಮಗನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ಹುಡುಗಿ. ಮಗ ಪಂಕ್ ರಾಕ್ ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದ. ಅವನ ನುಡಿಸಾಣಿಕೆಯ ರೆಕಾರ್ಡಿಂಗ್ ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ.

ಅವನು ಬಿಟ್ಟುಹೋಗಿದ್ದ ಕೆಂಪು ಕ್ಯಾಸೆಟ್ಟನ್ನು ಹೆಂಡತಿ ನನ್ನ ಕಪಾಟಿನಿಂದ ಹುಡುಕಿ ತಂದಳು. ಹಾಕಿದರೆ ತಾಳಮದ್ದಳೆಯ ಚೆಂಡೆ ಕೇಳಿಸಿತು. ಎರಡೂ ಬದಿಯಲ್ಲಿ ಅದೇ.

“ಅಂಕಲ್, ಇದ್ರ ಮೇಲೆ ಯಾರೋ ರೆಕಾರ್ಡ್ ಮಾಡಿದ್ದಾರೆ.”

“ನಾನೇ,” ಎಂದೆ. “ಹೆಸರು ಬರೆದಿರಲಿಲ್ಲ. ಖಾಲಿ ಅಂತ ತಿಳಿದೆ.”

“ಒಮ್ಮೆ ಹಾಕಿ ಕೇಳಬಹುದಿತ್ತಲ್ಲ ಮಾರಾಯ್ರೆ,” ಎಂದಳು ಹೆಂಡತಿ.

ನಾನು ಕೇಳಿದ್ದೆ. ಬರೀ ಗದ್ದಲ ಎನಿಸಿತ್ತು.

ಹುಡುಗಿ ಹೋದ ಮೇಲೆ ಕ್ಯಾಸೆಟ್ಟನ್ನು ಆರಂಭದವರೆಗೆ ಹಿಂದಕ್ಕೆ ಸುತ್ತಿ, ತಾಳಮದ್ದಳೆಯ ಸಾಲಿನಲ್ಲಿ ಅದರ ಜಾಗಕ್ಕೆ ಇಟ್ಟೆ.