ಹಾಡಲು ಬಾರದ ಎದುರುಮನೆ ಅಕ್ಕ

ಹಾಡು ಕೇಳುವಾಗ ಅಕ್ಕನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಎಲೆಅಡಿಕೆಯಿಂದ ಕೆಂಪಾದ ಕೆಳತುಟಿ ಸ್ವಲ್ಪ ಜೋತು, ಕಣ್ಣು ಮುಚ್ಚಿ, ತುತ್ತಿಗೆ ಕಾದ ಕೂಸಿನ ಹಾಗೆ ಕೂರುತ್ತಿದ್ದಳು. ಕೈಯಲ್ಲಿ ಸೊಪ್ಪಿದ್ದರೆ ಸೊಪ್ಪು, ಮೊರವಿದ್ದರೆ ಮೊರ, ಹಾಡು ಮುಗಿಯುವ ತನಕ ಹಾಗೆಯೇ ನಿಂತುಬಿಡುತ್ತಿತ್ತು. ಅವಳ ಒಲೆಯ ಮೇಲೆ ಸಾರು ಸೀದ ವಾಸನೆ ಬಂದರೆ ವಠಾರದಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ. ಎಲ್ಲೋ ಯಾರೋ ಹಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆವು.

ನಾನು ಮದುವೆಯಾಗಿ ಮಂಡ್ಯಕ್ಕೆ ಬಂದದ್ದು ಯುದ್ಧದ ಕಾಲದಲ್ಲಿ. ನನ್ನ ಯಜಮಾನರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿಸುವ ಕೆಲಸ. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದು ವಠಾರ, ನಡುವೆ ಎಲ್ಲರಿಗೂ ಒಂದೇ ಬಾವಿ, ಬಾವಿಯ ಪಕ್ಕ ಒಂದು ಹೊಂಗೆಮರ. ನಮ್ಮ ಎದುರುಮನೆ ಅಕ್ಕನದು. ಬೆಸಗರಹಳ್ಳಿ ಕಡೆಯ ಒಕ್ಕಲುಮನೆಯ ಹೆಣ್ಣು. ಗಂಡ ಬಾಯ್ಲರ್ ಹತ್ತಿರ ಕೆಲಸಕ್ಕಿದ್ದರು. ಅವರನ್ನು ನಾನು ಭಾವ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಆ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ.

ಹಾಡೆಂದರೆ ಅಷ್ಟು ಆಸೆಯಿದ್ದವಳಿಗೆ ಹಾಡಲು ಮಾತ್ರ ಬರುತ್ತಿರಲಿಲ್ಲ. ಒಮ್ಮೆ ನನ್ನ ಬಲವಂತಕ್ಕೆ ಒಂದು ಸೋಬಾನೆ ಎತ್ತಿಕೊಂಡು, ಎರಡನೆಯ ಸಾಲಿಗೇ ನಕ್ಕು ನಿಲ್ಲಿಸಿದಳು. "ನನ್ ಗಂಟ್ಲು ಎಣ್ಣೆ ಕಾಣದ ಗಾಡಿ ಚಕ್ರ ಕಣಮ್ಮಿ. ಕಿರ್ ಅಂತದೆ. ನೀನ್ ಆಡು, ನಾನ್ ಕೇಳ್ತೀನಿ" ಅಂದಳು.

ಭಾವನಿಗೆ ಇದು ತಮಾಷೆ. ಒಳ್ಳೆಯ ಮನುಷ್ಯ, ಆದರೆ ಹಾಡೆಂದರೆ ಅವರಿಗೆ ಕಾರ್ಖಾನೆಯ ಸದ್ದಿನಂತೆಯೇ ಇನ್ನೊಂದು ಸದ್ದು. "ಪದ ಕೇಳುದ್ರೆ ವಟ್ಟೆ ತುಂಬತದಾ?" ಎಂದು ರೇಗಿಸುತ್ತಿದ್ದರು. ಅಕ್ಕ ಮುದ್ದೆ ತಿರುವುತ್ತಲೇ ಹೇಳುತ್ತಿದ್ದಳು: "ವಟ್ಟೆಗೆ ನಾನ್ ಇಕ್ತಾ ಇವ್ನಿ. ನನ್ ಕಿವಿಗೆ ನೀನೇನ್ ಇಕ್ಕಿದ್ದೀಯೆ?"

ರೈಲು ನಿಲ್ದಾಣದ ದಾರಿಯಲ್ಲಿ ಒಂದು ಕಾಫಿ ಹೋಟೆಲಿತ್ತು. ಸಂಜೆ ಅಲ್ಲಿ ಗ್ರಾಮಾಫೋನು ಹಾಕುತ್ತಿದ್ದರು. ಹೆಂಗಸರು ಒಳಗೆ ಹೋಗಿ ಕೂರುವ ಕಾಲ ಅದಲ್ಲ. ಹೋಟೆಲಿನ ಹಿಂದಿನ ಓಣಿಯಲ್ಲಿ ಅಕ್ಕ ಗೋಡೆಗೆ ಒರಗಿ ನಿಲ್ಲುತ್ತಿದ್ದಳು, ಜೊತೆಗೆ ನಾನು. ಯಾರಾದರೂ ನೋಡಿದರೆ ತಪ್ಪು ತಿಳಿಯಬಾರದೆಂದು ಸೊಂಟದಲ್ಲಿ ಒಂದು ಖಾಲಿ ಬಿಂದಿಗೆ. ಒಳಗೆ ಆ ಪೆಟ್ಟಿಗೆಯಲ್ಲಿ ಯಾರೋ ನಾಟಕದವರು ದೊಡ್ಡ ದನಿಯಲ್ಲಿ ಹಾಡುತ್ತಿದ್ದರು. ಹೊರಗೆ ಚರಂಡಿಯ ವಾಸನೆಯ ನಡುವೆ ಅಕ್ಕ ಬಾಯಿ ತೆರೆದು ಕೇಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಆ ಪೆಟ್ಟಿಗೆ ನಿಂತುಹೋಯಿತು. ಯುದ್ಧದ ದೆಸೆಯಿಂದ ಅದರ ಮುಳ್ಳು ಎಲ್ಲೂ ಸಿಗುತ್ತಿಲ್ಲ ಎಂದರು. ಬಿಸಿಲೋ ಬಿಸಿಲು. ನಾಲೆಯಲ್ಲಿ ನೀರು ನಿಲ್ಲಿಸಿದ್ದರು. ಮನೆಯೊಳಗೆ ಕೂರಲಾಗದೆ ಮಧ್ಯಾಹ್ನ ಕಳೆದ ಮೇಲೆ ಹೆಂಗಸರೆಲ್ಲ ಹೊಂಗೆಮರದ ಕೆಳಗೆ ಸೇರುತ್ತಿದ್ದೆವು. ಅಕ್ಕ ಎರಡು ದಿನ ಸಪ್ಪಗಿದ್ದು, ಮೂರನೆಯ ದಿನ ಮರದ ಬುಡದಲ್ಲಿ ಚಾಪೆ ಹಾಸಿ ಹೇಳಿದಳು: "ಓಟ್ಲಿನೋನ ಪೆಟ್ಗೆ ಕೆಟ್ರೆ ನಮ್ ಬಾಯೇನ್ ಕೆಟ್ಟದಾ? ದಿನಕ್ ಒಬ್ರು. ಯಾರ್ಗೆ ಯಾವ್ ಪದ ಇಷ್ಟವೋ ಅದ್ನ ಯೋಳಿ. ಚಂದಾಗಿ ಯೋಳ್ಬೇಕು ಅಂತೇನಿಲ್ಲ."

ಆ ವಾರವನ್ನು ನೆನೆದರೆ ಈಗಲೂ ನನಗೆ ಹೊಂಗೆಹೂವಿನ ಘಮ ಬಂದಂತಾಗುತ್ತದೆ. ಮೂಲೆಮನೆಯ ತಮಿಳಿನಾಕೆ ತನ್ನ ಊರಿನ ಜೋಗುಳ ಹಾಡಿದಳು. ದರ್ಜಿ ಸಾಬರ ಹೆಂಡತಿ ಹೊರಗೆ ಬಂದು ಕೂರುವವಳಲ್ಲ. ತನ್ನ ಬಾಗಿಲಿನ ಪರದೆಯ ಹಿಂದೆ ಕುಳಿತೇ, ಅವರ ಮದುವೆಯಲ್ಲಿ ಹೇಳುವ ಒಂದು ಹಾಡು ಎತ್ತಿಕೊಂಡಳು. ಎಂಥ ದನಿ ಅದು. ಬಾವಿಯ ಹತ್ತಿರ ಬಟ್ಟೆ ಸೆಣೆಯುತ್ತಿದ್ದವರು ಸೆಣೆಯುವುದನ್ನು ಬಿಟ್ಟರು. ನಮಗೆ ಯಾರಿಗೂ ಆ ಭಾಷೆ ತಿಳಿಯದು. ಮುಗಿಯುವಾಗ ನೋಡಿದರೆ ಅಕ್ಕನ ಕೆನ್ನೆ ಒದ್ದೆ.

"ಅರ್ಥ ಆಯ್ತೇನಕ್ಕ?" ಎಂದೆ.

"ನಂಗೆಲ್ಲಿ ಆದದು. ಯಾರೋ ಮನೆ ಬುಟ್ಟು ಓಯ್ತಾವ್ರೆ. ಅಷ್ಟು ಗೊತ್ತಾಯ್ತು" ಅಂದಳು. ಪರದೆಯ ಹಿಂದಿನಿಂದ, ಹೌದು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು ಎಂದು ಮೆಲ್ಲಗೆ ಉತ್ತರ ಬಂತು.

ನನ್ನ ಸರದಿ ಬಂದಾಗ ನಾನು ಒಲ್ಲೆ ಎಂದೆ. ನನಗೆ ಇಷ್ಟವಾದ ಪದ ಒಂದೇ. ಅದೂ ಪೂರ್ತಿ ಬಾರದು. ನಾನು ತೀರ ಚಿಕ್ಕವಳಿದ್ದಾಗ ಅವ್ವ ರಾಗಿ ಬೀಸುತ್ತಾ ಹೇಳುತ್ತಿದ್ದ ಪದ ಅದು. ಅವ್ವ ಸತ್ತ ಮೇಲೆ ಮಳವಳ್ಳಿಯಲ್ಲಿದ್ದ ಸೋದರಮಾವ ನನ್ನನ್ನು ಕರೆದೊಯ್ದು ಸಾಕಿದರು. ಅಪ್ಪ ಇನ್ನೊಂದು ಮದುವೆ ಮಾಡಿಕೊಂಡು, ಅವರೂ ಬೇಗ ಹೋದರು. ಬಂಡೂರಿನ ಹತ್ತಿರವಿದ್ದ ನಮ್ಮ ಹಳ್ಳಿಗೂ ನನಗೂ ಆಮೇಲೆ ನಂಟು ಉಳಿಯಲಿಲ್ಲ. ಅವ್ವನ ಮುಖವೂ ಸರಿಯಾಗಿ ನೆನಪಿಲ್ಲ. ಬೀಸುವಾಗ ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದ ಒಂದು ಬೆನ್ನು, ಈ ಎರಡು ಸಾಲು, ಇಷ್ಟೇ ನನ್ನ ಪಾಲಿಗೆ ಬಂದದ್ದು.

ಎಲ್ಲರೂ ಬಿಡದಿದ್ದಾಗ ಹೇಳಿದೆ:

ಕಲ್ಲ ಮಗ್ಗುಲಿನಾಗೆ ಮಲಗವಳೆ ನನ ಕೂಸು
ರಾಗಿಹಿಟ್ಟಾರಿ ರೆಪ್ಪೆ ಮ್ಯಾಲೆ ಕುಂತದೆ

ಅಲ್ಲಿಗೆ ನಿಲ್ಲಿಸಿದೆ. "ಮುಂದಕ್ಕೆ?" ಎಂದು ಅಕ್ಕ ಕಣ್ಣು ತೆರೆದಳು. ಮರೆತಿದೆ ಅಂದೆ. "ರೆಪ್ಪೆ ಮ್ಯಾಲೆ ಕುಂತದೆ, ಸರಿ. ಆಮೇಲೆ ಏನ್ ಮಾಡುದ್ಲು ಅವ್ವ?" ಎಂದು ಮತ್ತೆ ಕೇಳಿದಳು. ನನಗೆ ಗೊತ್ತಿಲ್ಲ ಎಂದು ಎದ್ದು ಒಳಗೆ ಹೋದೆ. ಅವಳು ಹಿಂದೆ ಬರಲಿಲ್ಲ.

ಆ ವಾರ ಕಳೆದ ಮೇಲೆ ಅಕ್ಕ ಭಾವನ ಹತ್ತಿರ, ಮನೆದೇವರಿಗೆ ಹರಕೆಯ ಕುರಿಮರಿ ಬಿಡಬೇಕು, ಬಂಡೂರಿನ ಮರಿಯೇ ಆಗಬೇಕು, ನಾನೇ ಹೋಗಿ ನೋಡಿ ತರುತ್ತೇನೆ ಎಂದು ಹಟ ಹಿಡಿದಳು. ಹೊರಡುವ ಮುಂಚೆ ನಮ್ಮ ಹಳ್ಳಿಯ ಹೆಸರನ್ನು ಮಾತಿನ ನಡುವೆ ನನ್ನಿಂದ ಹೊರಡಿಸಿಕೊಂಡಿದ್ದಳು. ನನಗೆ ಅನುಮಾನವೇ ಬರಲಿಲ್ಲ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅದು. ಏರು ಬಂದರೆ ಜನ ಇಳಿದು ತಳ್ಳಬೇಕಿತ್ತು. ಆ ಬಸ್ಸಿನಲ್ಲಿ ಮದ್ದೂರು, ಮಳವಳ್ಳಿ ದಾಟಿ, ಅಲ್ಲಿಂದ ಸಂತೆಗೆ ಹೋಗುವವರ ಗಾಡಿಯಲ್ಲಿ ಹೋದಳಂತೆ.

ಕೆಲವು ದಿನ ಬಿಟ್ಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದಳು. ಮುಖದ ತುಂಬ ಇದ್ದಿಲ ಮಸಿ. ಜೊತೆಯಲ್ಲಿ ಮರಿ ಇರಲಿಲ್ಲ. ಭಾವ ಬಾಗಿಲಲ್ಲೇ ನಿಂತು, "ಮರಿ ಎಲ್ಲಮ್ಮಿ?" ಎಂದರು. ಅಕ್ಕ ಅವರ ಕಡೆ ತಿರುಗಲಿಲ್ಲ. ತುಟಿ ಆಡಿಸುತ್ತಾ ನೇರ ನಮ್ಮ ಮನೆಗೆ ಬಂದು, ಚೆಂಬು ನೀರು ಕೊಡಹೋದರೆ ಬೇಡವೆಂದು ಕೈ ಮಾಡಿ, ನನ್ನ ಎರಡೂ ರಟ್ಟೆ ಹಿಡಿದು ಕೂರಿಸಿದಳು.

"ತಡಿ, ಮಾತಾಡಿಸ್ಬ್ಯಾಡ. ಮರ್ತೋದದು" ಅಂದಳು. ಆಮೇಲೆ ಆ ಒಡಕು ಗಂಟಲಲ್ಲಿ, ರಾಗವಿಲ್ಲದೆ, ಪಾಠ ಒಪ್ಪಿಸುವ ಹಾಗೆ ಹೇಳಿದಳು:

ಒರಸಲಾರೆ, ನಿದ್ದೆ ಕೆಟ್ಟಾದು.

ನನಗೆ ತಕ್ಷಣ ಏನೂ ಅನ್ನಿಸಲಿಲ್ಲ. ಅವಳೇ ಮುಂದುವರಿಸಿದಳು. "ನಿಮ್ಮವ್ವನ ಜೊತೆ ಒಂದೇ ಕಲ್ಲಿಗೆ ಕೈ ಆಕಿ ಬೀಸ್ತಿದ್ದ ಅಜ್ಜಿ ಇನ್ನೂ ಅವ್ಳೆ ಕಣಮ್ಮಿ. ಕಣ್ ಕಾಣಾಕಿಲ್ಲ. ನಿನ್ ಎಸ್ರು ಯೋಳುದ್ ಕೂಡ್ಲೆ ಅತ್ಬುಟ್ಲು. ಇದು ಅಳೇ ಕಾಲದ್ ಪದ ಅಲ್ವಂತೆ. ನಿಮ್ಮವ್ವನೇ ಕಟ್ಟಿದ್ದಂತೆ. ನಿನ್ನ ಕಲ್ಲಿನ ಪಕ್ಕ ಮಲಗುಸ್ಕಂಡು ಬೀಸವ್ಳಂತೆ. ಮಖದ ಮ್ಯಾಲೆಲ್ಲ ಇಟ್ಟು ಬಿದ್ರೂ ಮುಟ್ಟವ್ಳಲ್ವಂತೆ. ಮೊಗ ಎದ್ಬುಡ್ತದೆ ಅಂತ."

ಅಲ್ಲಿಯವರೆಗೂ ಅದು ಯಾವುದೋ ಹಾಡಿನ ಯಾವುದೋ ಕೂಸು ಎಂದುಕೊಂಡಿದ್ದೆ. ಅದು ನಾನು ಎಂದು ಗೊತ್ತಾದಾಗ ನನ್ನ ಕೈ ರೆಪ್ಪೆಯ ಮೇಲೆ ಹೋಯಿತು. ಅಕ್ಕ ನನ್ನನ್ನು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕುಳಿತು ಸೆರಗಿನಿಂದ ತನ್ನ ಮುಖದ ಮಸಿ ಒರೆಸಿಕೊಂಡಳು. ಬಸ್ಸಿನ ದಾರಿಯುದ್ದಕ್ಕೂ ಆ ಸಾಲನ್ನು ಮರೆಯಬಾರದೆಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬಂದಳಂತೆ. ಪಕ್ಕದವರು ಜಪ ಮಾಡುವ ಮುದುಕಿ ಎಂದುಕೊಂಡು ಜಾಗ ಬಿಟ್ಟುಕೊಟ್ಟರಂತೆ. ಅದನ್ನು ಹೇಳುವಾಗ ಅವಳಿಗೆ ನಗು ಬಂತು, ನನಗೂ ಬಂತು.

ಹೊರಗೆ ಭಾವ ಯಾರಿಗೋ ಹೇಳುತ್ತಿದ್ದರು: "ಮರಿ ತತ್ತೀನಿ ಅಂತ ಓದೋಳು ಪದ ತಂದವ್ಳೆ."

ಮಾರನೆಯ ದಿನ ಹೊಂಗೆಮರದ ಕೆಳಗೆ ನಾನು ಅವ್ವನ ಪದವನ್ನು ಪೂರ್ತಿ ಹೇಳಿದೆ. ಮೂರನೆಯ ಸಾಲಿನ ಧಾಟಿ ನನಗೇ ಗೊತ್ತಿಲ್ಲದೆ ಗಂಟಲಲ್ಲಿ ಉಳಿದಿತ್ತು. ಮಾತು ಸಿಕ್ಕಿದ ಕೂಡಲೇ ಅದು ತಾನಾಗಿ ಬಂತು.

ಮಳೆಗಾಲ ಬಂದು, ನಾಲೆಗೆ ನೀರು ಬಿಟ್ಟು, ಗದ್ದೆಗಳೆಲ್ಲ ತುಂಬಿದ ಮೇಲೆ ವಠಾರಕ್ಕೆ ಚಳಿಜ್ವರ ಕಾಲಿಟ್ಟಿತು. ಮನೆಗೊಬ್ಬರು ಕಂಬಳಿ ಹೊದ್ದು ನಡುಗುತ್ತಿದ್ದರು. ಅಕ್ಕನಿಗೆ ಬಂದದ್ದು ಬಿಡಲಿಲ್ಲ. ಬಿಟ್ಟು ಬಿಟ್ಟು ಬಂತು. ಕಹಿ ಔಷಧಿ ಕುಡಿಸಿ ಕುಡಿಸಿ ಅಂತೂ ಜೀವ ಉಳಿಯಿತು. ಎದ್ದು ಕೂತ ಮೇಲೆ ಕಿವಿಯೊಳಗೆ ಜೀರುಂಡೆ ಕೂತಿದೆ, ಬಿಡದೆ ಕೂಗುತ್ತದೆ ಎನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಹಾಗೆನ್ನುವುದನ್ನೂ ಬಿಟ್ಟಳು. ವಾಸಿಯಾಯಿತೆಂದು ನಾವು ತಿಳಿದೆವು.

ಮತ್ತೆ ಬಿಸಿಲು ಬಿದ್ದು ಎಲ್ಲರೂ ಮರದ ಕೆಳಗೆ ಸೇರಿದಾಗ ಅವಳೂ ಬಂದು ಕೂತಳು. ದರ್ಜಿ ಸಾಬರ ಹೆಂಡತಿ ಪರದೆಯ ಹಿಂದಿನಿಂದ ಅದೇ ಮದುವೆಯ ಹಾಡು ತೆಗೆದಳು. ನಡುವೆ ಅವಳ ಮಗು ಎದ್ದು ಅತ್ತದ್ದರಿಂದ ಥಟ್ಟನೆ ನಿಲ್ಲಿಸಿ ಒಳಗೆ ಹೋದಳು. ನಾವೆಲ್ಲ ಬೇರೆ ಮಾತಿಗೆ ತಿರುಗಿದೆವು. ಅಕ್ಕ ಮಾತ್ರ ಕಣ್ಣು ಮುಚ್ಚಿ, ಬಾಯಿ ತೆರೆದು, ಇನ್ನೂ ಕೇಳುತ್ತಿದ್ದಳು. ತಲೆ ಮೆಲ್ಲಗೆ ಆಡುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಮಾತು ನಿಲ್ಲಿಸಿ ಅವಳನ್ನೇ ನೋಡಿದೆವು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಚಂದಾಗಿತ್ತು ಕಣವ್ವ" ಎಂದು ಪರದೆಯ ಕಡೆ ಹೇಳಿದಳು. ಆಮೇಲೆ ನಮ್ಮ ಮುಖ ನೋಡಿದಳು. ಅವಳಿಗೂ ತಿಳಿಯಿತು, ನಮಗೆ ತಿಳಿಯಿತೆಂದು. ಚಾಪೆ ಸುತ್ತಿಕೊಂಡು ಮನೆಯೊಳಗೆ ಹೋದಳು.

ಎರಡು ದಿನ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ನಾನು ಅವಳ ಹಿತ್ತಲ ಕಡೆಯಿಂದ ಹೋಗಿ, ಒಲೆಯ ಮುಂದೆ ಕೂತಿದ್ದವಳ ಕೈ ಎಳೆದು ನನ್ನ ಬೆನ್ನಿನ ಮೇಲೆ ಇಟ್ಟುಕೊಂಡು ಹಾಡಿದೆ. ಅದು ನನಗೆ ಹೇಗೆ ಹೊಳೆಯಿತೋ ಕಾಣೆ. ಅವಳ ಅಂಗೈ ಮೊದಲು ಮರದ ಹಾಗಿತ್ತು. ಆಮೇಲೆ ಬಿಸಿಯಾಗಿ ಅಂಟಿಕೊಂಡಿತು. ಮುಗಿದ ಮೇಲೂ ತೆಗೆಯಲಿಲ್ಲ. ಅಲ್ಲಿಂದ ಮುಂದೆ ಅವಳು ಹಾಡು ಕೇಳುತ್ತಿದ್ದದ್ದು ಹಾಗೆಯೇ.

ಸ್ವಾತಂತ್ರ್ಯ ಬರುವ ಹೊತ್ತಿಗೆ ಭಾವ ಕಾರ್ಖಾನೆ ಬಿಟ್ಟು ಬೆಸಗರಹಳ್ಳಿ ಕಡೆಯ ಜಮೀನಿಗೆ ಹಿಂದಿರುಗಿದ್ದರು. ಆ ವರ್ಷ ನನ್ನ ಮಗಳನ್ನು ಎತ್ತಿಕೊಂಡು ಮದ್ದೂರಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದು ಅಕ್ಕನನ್ನು ನೋಡಿ ಬಂದೆ. ಸೊರಗಿ ಹೋಗಿದ್ದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಇನ್ನೊಂದು ಕೈಯನ್ನು ನನ್ನ ಬೆನ್ನ ಮೇಲಿಟ್ಟು, "ಆಡು" ಅಂದಳು. ನಾನು ಹಾಡುತ್ತಾ ಅತ್ತುಬಿಟ್ಟೆ. "ಅಳೋದು ಬ್ಯಾಡ ಕಣಮ್ಮಿ. ಅಳುದ್ರೆ ಕೈಗೆ ಎಲ್ಲ ಕಲಸ್ಕಂಡಂಗೆ ಆಯ್ತದೆ" ಅಂದಳು. ಅಳುವನ್ನು ನುಂಗಿಕೊಂಡು ಮೊದಲಿನಿಂದ ಹಾಡಿದೆ. ಅವಳನ್ನು ನಾನು ನೋಡಿದ್ದು ಅದೇ ಕೊನೆ.

ಸುದ್ದಿ ನನಗೆ ತಡವಾಗಿ ಬಂತು. ತಿಥಿಯೂ ಮುಗಿದಿತ್ತು. ಅದಾದ ಮೇಲೆ ಒಂದು ದಿನ ಭಾವ ಕೆಲಸದ ಮೇಲೆ ಮಂಡ್ಯಕ್ಕೆ ಬಂದವರು ನಮ್ಮ ಮನೆಗೂ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ಕೊನೇಲಿ ತುಟಿ ಆಡುಸ್ತಾನೇ ಇದ್ಲು ಕಣವ್ವ" ಎಂದರು. "ನೀರ್ ಬೇಕೇನೋ ಅಂದ್ಕಂಡು ಬಗ್ಗಿ ಕಿವಿ ಕೊಟ್ಟೆ. ಪದ ಯೋಳ್ಕತಾ ಅವ್ಳೆ. ಒಂದಾದ್ ಮ್ಯಾಲ್ ಒಂದು. ಯಾವ್ದು ಏನು ಅಂತ ನಂಗೆ ಒಂದೂ ಗೊತ್ತಾಗ್ನಿಲ್ಲ. ಇಷ್ಟ್ ವರ್ಸ ಅವಳ ಜೊತೆ ಇದ್ದು ಒಂದ್ನೂ ಕೇಳಿರ್ನಿಲ್ಲ ನಾನು."

ಹೆಗಲ ಮೇಲಿನ ವಲ್ಲಿ ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ನಿಂಗೆ ಯಾವ್ದು ಬಂದ್ರೆ ಅದ್ನ ಒಸಿ ಯೋಳವ್ವ. ಕೇಳ್ತೀನಿ" ಅಂದರು.

ನಾನು ಅಲ್ಲೇ ನೆಲದ ಮೇಲೆ ಕುಳಿತು ಅವ್ವನ ಪದ ಹೇಳಿದೆ. ಹಾಡು ಕೇಳಿ ರೂಢಿಯಿಲ್ಲದ ಮನುಷ್ಯ, ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಕಾಲಿನ ಹತ್ತಿರ ನೆಲ ನೋಡುತ್ತಾ ಕೇಳಿದರು. ಮುಗಿದ ಮೇಲೆ ತಲೆ ಎತ್ತದೆಯೇ, "ಇನ್ನೊಂದ್ಸಾರಿ" ಅಂದರು.

ನಾನು ಇನ್ನೊಂದು ಸಲ ಹೇಳಿದೆ.