ನೆಗ್ಗು ತೆಗೆದ ಅಂಬಾಸಡರ್

ಕಾಗಾಲದ ಭಾಸ್ಕರ ಬೋಟಿನ ಇಂಜಿನ್ ರಿಪೇರಿ ಮಾಡಿಕೊಂಡೇ ಬದುಕಿದವನು. ಸೊಂಟ ಕೈಕೊಟ್ಟ ಮೇಲೆ ಬಂದರಿಗೆ ಹೋಗುವುದು ನಿಂತಿತು. ಮನೆಯಲ್ಲಿ ಕೂತು ಕೂತು ಹೆಂಡತಿ ಈರಮ್ಮನ ಮೇಲೆ ಸಿಡುಕತೊಡಗಿದ. ಅಂಥ ಹೊತ್ತಿನಲ್ಲಿ ಭಟ್ಕಳದ ಹತ್ತಿರ ಹೆಬಳೆಯಲ್ಲಿ, ಒಂದು ಮನೆಯ ಹಿಂದೆ ಹಳೆಯ ಅಂಬಾಸಡರ್ ಕಾರು ಬಿದ್ದಿದೆಯೆಂದು ಯಾರೋ ಹೇಳಿದರು. ಹೋಗಿ ನೋಡಿದರೆ ಮನೆಯ ಯಜಮಾನ ತೀರಿಕೊಂಡಿದ್ದ.

"ಅಪ್ಪ ಇದ್ದಕ್ಕಿದ್ದ ಹಾಂಗೆ ಓಡ್ಸೂದು ಬಿಟ್ಬಿಟ್ರು. ಎಂತಕೆ ಅಂತ ಹೇಳ್ಲೇ ಇಲ್ಲ. ನೀವು ತಕಂಡು ಹೋಗಿ," ಎಂದ ಮಗ ರಾಜೀವ.

ಟೆಂಪೋಕ್ಕೆ ಕಟ್ಟಿ ಎಳೆದು ತಂದ ಕಾರು ಅಂಗಳದ ಚಪ್ಪರದಡಿ ನಿಂತಿತು. ಉಪ್ಪುಗಾಳಿ ಅದರ ತಳವನ್ನು ತಿಂದುಹಾಕಿತ್ತು. ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಭಾಸ್ಕರ ಇಂಜಿನ್ ಬಿಚ್ಚಿ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ಬೆಸೆದ. ಅವನನ್ನು ಹೆಚ್ಚು ಕಾಡಿಸಿದ್ದು ಬಾನೆಟ್ಟಿನ ಎಡಬದಿಯ ದೊಡ್ಡ ನೆಗ್ಗು. ಒಳಗಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುತ್ತ, ಅಂಗೈಯಿಂದ ಸವರಿ ನೋಡುತ್ತ ವಾರಗಟ್ಟಲೆ ಕೂತ. ಬಣ್ಣ ಹೊಡೆದ ಮೇಲೆ ಈರಮ್ಮನನ್ನು ಕರೆದು, "ಎಲ್ಲಿತ್ತು ಹೇಳು ನೋಡ್ವಾ," ಎಂದು ನಕ್ಕ. ಅವಳಿಗೆ ಹೇಳಲಾಗಲಿಲ್ಲ.

ಕಾರಿನ ಪೂಜೆಗೆ ಹೊಳನಗದ್ದೆಯಿಂದ ಈರಮ್ಮನ ತವರಿನ ಗೆಳತಿ ನರ್ಮದಾ ಬಂದಳು. ವರ್ಷಗಳ ಹಿಂದೆ ಹೊನ್ನಾವರದ ಹತ್ತಿರ ಹೆದ್ದಾರಿಯ ಅಂಚಿನಲ್ಲಿ ನಡೆದುಹೋಗುತ್ತಿದ್ದ ಅವಳ ಗಂಡ ನಾಗರಾಜ, ಕಾರೊಂದು ಬಡಿದು ಅಲ್ಲೇ ಸತ್ತಿದ್ದ. ಭಾಸ್ಕರನಿಗೆ ಗೊತ್ತಿದ್ದುದು ಅಷ್ಟೇ.

ಹೂವಿನ ಹಾರ ಹಿಡಿದು ಮುಂದೆ ಬಂದ ನರ್ಮದಾ ನಂಬರ್ ಪ್ಲೇಟು ನೋಡಿ ನಿಂತುಬಿಟ್ಟಳು.

"ಬಾವ, ಇದೇ ಕಾರು. ಕೋರ್ಟಲ್ಲಿ ಎಷ್ಟು ಸಲ ಕೇಳಿದ ನಂಬರು!"

ಅವಳು ಹಾರವನ್ನು ಕೆಳಗಿಟ್ಟು ಭಾಸ್ಕರನ ಕಡೆ ತಿರುಗಿದಳು.

"ಮರಕ್ಕೆ ಹೊಡ್ದು ನೆಗ್ಗಿದ್ದು ಅಂದ್ರು ಕಾರಿನವ್ರು. ನೋಡಿದವ್ರು ಯಾರೂ ಇರ್ಲಿಲ್ಲ, ಕೇಸು ಬಿದ್ದುಹೋತು. ನೀವು ಕೈಯಲ್ಲಿ ಮುಟ್ಟಿದವ್ರು. ಮರದ್ದೇ ಆಗಿತ್ತಾ?"

ಭಾಸ್ಕರ ಬಾನೆಟ್ಟಿನತ್ತ ನೋಡಿದ. ಮರಕ್ಕೆ ಗುದ್ದಿದ್ದರೆ ತಗಡು ಮಡಚಿ ಹರಿಯುತ್ತಿತ್ತು. ಇದು ಬಟ್ಟಲಿನ ಹಾಗೆ ಒಳಗಿಳಿದಿತ್ತು. ಕೆಲಸ ಮಾಡುವಾಗ ಅದನ್ನು ಗಮನಿಸಿ, ದನವೋ ಏನೋ ಅಂದುಕೊಂಡಿದ್ದ. ಗೊತ್ತಿಲ್ಲ ಎಂದುಬಿಡಬಹುದಿತ್ತು. ಈರಮ್ಮ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದಳು.

"ಮರದ್ದಲ್ಲ, ನರ್ಮದಾ," ಎಂದ.

ಅವಳು ಅಳಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು ಆಚೀಚೆ ಸವರಿದಳು. "ಎಷ್ಟು ಚೆಂದ ಮಾಡಿದ್ರಿ. ಎಂತದೂ ಉಳೀಲಿಲ್ಲ," ಎಂದಳು. ಊಟಕ್ಕೂ ನಿಲ್ಲದೆ ಬಸ್ಸಿಗೆ ನಡೆದಳು.

ಭಾಸ್ಕರ ಕುಮಟೆಯ ವಕೀಲರೊಬ್ಬರನ್ನು ಕಂಡ. ಹೊಡೆದವನೇ ಸತ್ತಿದ್ದಾನೆ, ತೋರಿಸಲು ಆ ನೆಗ್ಗಾದರೂ ಇದೆಯೇ ಎಂದು ಅವರು ಕೇಳಿದರು. ಅವನು ತಲೆ ತಗ್ಗಿಸಿ ಎದ್ದುಬಂದ.

ಕಾರನ್ನು ಅವನು ರಸ್ತೆಗೆ ಇಳಿಸಲಿಲ್ಲ. ಗುಜರಿಯವನು ಬಂದಾಗ ಒಡೆಯಲೂ ಬಿಡಲಿಲ್ಲ. ಅದು ಅಂಗಳದ ಚಪ್ಪರದಡಿಯೇ ನಿಂತಿದೆ. ನರ್ಮದಾ ಈಗಲೂ ಗೆಳತಿಯನ್ನು ನೋಡಲು ಬರುತ್ತಾಳೆ. ಹಿತ್ತಲ ಬಾಗಿಲಿಂದ ಬಂದು ಹಾಗೆಯೇ ಹೋಗುತ್ತಾಳೆ.