ಕ್ಯೋಟೋದಲ್ಲಿ ಬೇಯಿಸಿದ ಅನ್ನ

ಟೂರ್ ಮ್ಯಾನೇಜರ್ ಎಂದು ನನ್ನ ಕಾರ್ಡಿನ ಮೇಲೆ ಬರೆದಿದೆ. ನಿಜವಾದ ಕೆಲಸ ಜನರನ್ನು ಎಣಿಸುವುದು. ಬಸ್ಸು ಹತ್ತುವಾಗ, ಇಳಿಯುವಾಗ, ಹೋಟೆಲಿನ ಲಾಬಿಯಲ್ಲಿ, ಶೌಚಾಲಯದ ಹೊರಗೆ, ದಿನಕ್ಕೆ ಮೂವತ್ತು ಸಲವಾದರೂ ಎಣಿಸುತ್ತೇನೆ. ಮುಂಬೈಯ ಕನ್ನಡದವರ ಗುಂಪನ್ನು ವರ್ಷಕ್ಕೆ ಎರಡು ಸಲ ಜಪಾನಿಗೆ ಕರೆದುಕೊಂಡು ಹೋಗುತ್ತೇನೆ. ಎಂಟು ದಿನದ ಪ್ರವಾಸ. ಹಳೆಯ ಜಪಾನ್, ಹೊಸ ಜಪಾನ್ ಎರಡನ್ನೂ ತೋರಿಸುತ್ತೇವೆ ಎನ್ನುತ್ತದೆ ನಮ್ಮ ಕರಪತ್ರ. ಹಳೆಯದೆಂದರೆ ದೇವಸ್ಥಾನ, ಚಹಾ ಕುಡಿಸುವ ಶಾಸ್ತ್ರ, ಕಿಮೊನೊ ಉಟ್ಟು ಫೋಟೋ. ಹೊಸದೆಂದರೆ ಬುಲೆಟ್ ಟ್ರೇನು, ತಟ್ಟೆ ತಂದಿಡುವ ರೋಬೋ, ತಾನೇ ನೀರು ಚಿಮ್ಮಿಸಿ ತೊಳೆಯುವ ಕಮೋಡು. ಮನೆಗೆ ಮರಳಿದ ಮೇಲೆ ಜನ ಹೆಚ್ಚು ಮಾತಾಡುವುದು ಆ ಕಮೋಡಿನ ಬಗ್ಗೆಯೇ. ನನಗೆ ಈಗ ಅದಕ್ಕೆ ನಗು ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ.

ಆ ಸಲ ಇಪ್ಪತ್ತಾರು ಮಂದಿ ಇದ್ದರು. ಸಯನ್, ವಡಾಲ, ದಹಿಸರ್ ಕಡೆಯವರು. ಮೂಲ ಧಾರವಾಡ, ಬೆಳಗಾವಿ, ವಿಜಯಪುರ. ಅವರಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ದಹಿಸರದಿಂದ ಒಬ್ಬರೇ ಬಂದಿದ್ದರು. ಗುಂಪಿನವರೆಲ್ಲ ಅವರನ್ನು, ಚಿಕ್ಕಮ್ಮನನ್ನು ಕರೆಯುವ ಹಾಗೆ, ಕಾಕು ಎಂದು ಕರೆಯುತ್ತಿದ್ದರು. ಮಡಿ, ಮೈಲಿಗೆ ಎಂದರೆ ಜೀವ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ಕೈಗೆ ಕೊಡುವ ಮೊದಲೇ ನನ್ನ ಊರು, ಮಠ, ಗೋತ್ರ ಎಲ್ಲ ವಿಚಾರಿಸಿಕೊಂಡರು. ನಾನೂ ಅವರ ಪೈಕಿಯವನೇ ಎಂದು ಗೊತ್ತಾದ ಕೂಡಲೇ ನೀವು ಹೋಗಿ ನೀ ಆಯಿತು.

"ಛಲೋ ಆತು ತಮ್ಮಾ. ಅಲ್ಲೆ ಎಲ್ಲಾದ್ರಾಗೂ ಮೀನಾ ಹಾಕ್ತಾರಂತ. ನಾ ಹೊರಗ ಉಣ್ಣಂಗಿಲ್ಲ. ನಿನಗ ಅಡಗಿ ಬರ್ತದೇನು?"

ಬರುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಸಯನ್ನಿನ ನಮ್ಮ ಮನೆಯಲ್ಲಿ ಅಪ್ಪ, ನಾನು, ತಮ್ಮ, ಮೂವರೇ ಗಂಡಸರು. ಹದಿನೈದು ವರ್ಷ ಅನ್ನ ಮಾಡಿದ್ದೇನೆ. ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದು ಸಣ್ಣ ಕರೆಂಟಿನ ಕುಕ್ಕರ್ ಇರುತ್ತದೆ. ಹೋಟೆಲಿನ ಕೋಣೆಯಲ್ಲಿ ಅಡುಗೆ ಮಾಡಬಾರದು ಎಂದು ಗೋಡೆಯ ಮೇಲೆ ಚಿತ್ರ ಸಮೇತ ಹಚ್ಚಿರುತ್ತಾರೆ. ಬಚ್ಚಲಿನ ಫ್ಯಾನು ಹಾಕಿ, ಬಾಗಿಲು ಮುಚ್ಚಿ, ಒಳಗೆ ಅನ್ನ ಬೇಯಿಸುತ್ತಿದ್ದೆ. ಒಗ್ಗರಣೆ ಹಾಕಿದರೆ ಅಲಾರಂ ಹೊಡೆದುಕೊಳ್ಳುತ್ತದೆ, ಹಾಗಾಗಿ ಬರೀ ಅನ್ನ, ಅಂಗಡಿಯ ಮೊಸರು, ಕಾಕು ತಂದ ಚಟ್ನಿಪುಡಿ. ಅವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಂಡು ಮಾತ್ರೆ ನುಂಗಬೇಕು. ಟೋಕಿಯೋದಲ್ಲಿ ಎರಡು ದಿನ ಹೀಗೇ ನಡೆಯಿತು. ತಟ್ಟೆ ಅವರ ಮುಂದಿಟ್ಟು ನಾನು ಉಳಿದವರನ್ನು ಎಣಿಸಲು ಓಡುತ್ತಿದ್ದೆ.

ಅಪ್ಪನ ವಿಷಯ ಹೇಳಬೇಕು. ಬಂದರಿನ ಗೋದಾಮಿನಲ್ಲಿ ಗುಮಾಸ್ತರಾಗಿದ್ದವರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಊಟ ಮಾಡಿಸುವುದು, ಮಗ್ಗುಲು ಹೊರಳಿಸುವುದು, ತೊಳೆಯುವುದು, ಎಲ್ಲ ನಾನು ಮತ್ತು ತಮ್ಮ ಪಾಳಿ ಹಾಕಿಕೊಂಡು ಮಾಡುತ್ತಿದ್ದೆವು. ನಾನು ಟೂರಿಗೆ ಹೋದಾಗ ಅವನೊಬ್ಬನೇ. ಆ ಸಲ ಹೊರಡುವಾಗ ಹೇಳಲೆಂದು ಹತ್ತಿರ ಹೋದರೆ ಅಪ್ಪ, "ಫ್ಯಾನ್ ಕಡಿಮಿ ಮಾಡು" ಅಂದರು. ನಾಲ್ಕರಿಂದ ಮೂರಕ್ಕೆ ಇಳಿಸಿ ಪೆಟ್ಟಿಗೆ ಎಳೆದುಕೊಂಡು ಹೊರಟೆ. ಕೊನೆಯ ಮಾತು ಎಂದರೆ ಅದೇ.

ಮೂರನೆಯ ದಿನ ಬುಲೆಟ್ ಟ್ರೇನಿನಲ್ಲಿ ಕ್ಯೋಟೋಕ್ಕೆ ಹೊರಟಿದ್ದೆವು. ಟ್ರೇನು ಸ್ಟೇಷನ್ನಿನಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ, ಸರಿಯಾದ ಹೊತ್ತಿಗೆ ಎದ್ದರೆ ಸಾಕು ಎಂದು ಎಲ್ಲರಿಗೂ ತಿಳಿಸಿ ಹೇಳಿದ್ದೆ. ತಪ್ಪು ಮಾಡಿದ್ದೆ. ಎರಡು ನಿಮಿಷ ಎಂಬುದೊಂದೇ ಅವರ ತಲೆಯಲ್ಲಿ ಕೂತಿತ್ತು. ಕ್ಯೋಟೋ ಇನ್ನೂ ಅರ್ಧ ಗಂಟೆ ಇರುವಾಗಲೇ ಇಪ್ಪತ್ತಾರು ಮಂದಿಯೂ ಪೆಟ್ಟಿಗೆ ಸಮೇತ ಎದ್ದು ಬಾಗಿಲ ಹತ್ತಿರ ಒತ್ತಿಕೊಂಡು ನಿಂತರು, ಮುಂಬೈ ಲೋಕಲಿನಲ್ಲಿ ದಾದರಿಗೆ ಇಳಿಯುವವರ ಹಾಗೆ. "ಮುಂದ ಸರಕೋರಿ, ಮುಂದ ಸರಕೋರಿ" ಎಂದು ವಡಾಲದ ಒಬ್ಬರು ಹಿಂದಿನಿಂದ ತಳ್ಳುತ್ತಿದ್ದರು. ಅರ್ಧ ಖಾಲಿಯಾದ ಡಬ್ಬಿಯಲ್ಲಿ ಕೂತಿದ್ದ ಜಪಾನಿನವರು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು.

ಆಗ ನನ್ನ ಫೋನು ಬಡಿಯಿತು. ಆ ಟ್ರೇನಿನಲ್ಲಿ ಸೀಟಿನಲ್ಲಿ ಕೂತು ಫೋನಿನಲ್ಲಿ ಮಾತಾಡುವಂತಿಲ್ಲ, ಬಾಗಿಲ ಹತ್ತಿರದ ಜಾಗಕ್ಕೇ ಬರಬೇಕು. ಆ ಗದ್ದಲದ ಮಧ್ಯೆ, ಯಾರದೋ ಪೆಟ್ಟಿಗೆಯ ಹಿಡಿ ನನ್ನ ಹೊಟ್ಟೆಗೆ ಚುಚ್ಚುತ್ತಿರುವಾಗ, ತಮ್ಮನ ಮಾತು ಕೇಳಿದೆ. ಅವನು ಮುಂಬೈಯಲ್ಲೇ ಹುಟ್ಟಿದವನು, ಅವನ ಕನ್ನಡ ಅಷ್ಟಕ್ಕಷ್ಟೆ, ನಡುನಡುವೆ ಮರಾಠಿ, ಹಿಂದಿ.

"ಅಣ್ಣಾ, ಅಪ್ಪಾ ಎಕ್ಸ್‌ಪೈರ್ ಆದ್ರು. ಆತ್ತಾ, ಸಾಡೇ ಛೇಕ್ಕ. ಚಹಾ ಕೊಡಾಕ ಹೋದೆ, ಮತ್ತ... ಖತಮ್." ಮುಂಬೈಯ ಬೆಳಗಿನ ಆರೂವರೆಗೆ.

"ಹೂಂ" ಅಂದೆ.

"ಬರಫ್‌ನ್ಯಾಗ ಇಡಬಹುದು ಅಂತಾರ, ನಾಳೆ ದುಪಾರ್ ತನಕ. ಟಿಕೀಟ್ ಸಿಗ್ತದೇನು?"

"ಕೇಳಿ ಹೇಳ್ತೀನಿ."

ಕಾಕು ನನ್ನ ಮೊಣಕೈಗೆ ತಾಗಿಯೇ ನಿಂತಿದ್ದರು. "ಯಾರದು ಫೋನ್?" ಅಂದರು. "ಆಫೀಸಿಂದು" ಅಂದೆ. ಕ್ಯೋಟೋ ಬಂತು. ಇಳಿಸಿದೆ, ಎಣಿಸಿದೆ. ಇಪ್ಪತ್ತಾರು.

ನನಗೆ ಏನೂ ಅನ್ನಿಸಲಿಲ್ಲ. ದುಃಖ ತಡೆದುಕೊಂಡೆ ಎಂದು ಬರೆಯಬಹುದು, ಓದಲು ಚೆನ್ನಾಗಿರುತ್ತದೆ, ಆದರೆ ತಡೆದುಕೊಳ್ಳಲು ಒಳಗೆ ಏನಾದರೂ ಇರಬೇಕಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಕೆನ್ನೆ ಇರುತ್ತದಲ್ಲ, ಇಡೀ ಮೈ ಹಾಗಿತ್ತು.

ಬಸ್ಸಿನಲ್ಲಿ ಕೂತು ಆಫೀಸಿಗೆ ಫೋನ್ ಮಾಡಿದೆ. ಅವರು ಒಳ್ಳೆಯ ಮನುಷ್ಯರು. ಸಂಜೆ ಒಂದು ವಿಮಾನ ಇದೆ, ನಾಳೆ ಬೆಳಿಗ್ಗೆ ಮುಂಬೈಯಲ್ಲಿರುತ್ತೀರಿ, ಗುಂಪನ್ನು ಅಲ್ಲಿಯ ಗೈಡ್ ನೋಡಿಕೊಳ್ಳುತ್ತಾಳೆ, ಹೊರಟುಬಿಡಿ ಎಂದರು. ಆಯಿತು ಎಂದು ಫೋನ್ ಇಟ್ಟೆ. ಆಮೇಲೆ ತಮ್ಮನಿಗೆ ಫೋನ್ ಹಚ್ಚಿ, "ಟಿಕೆಟ್ ಇಲ್ಲ. ನೀನ ಮಾಡಿಬಿಡು" ಅಂದೆ. ಆಫೀಸಿಗೆ ಮತ್ತೆ ಹಚ್ಚಿ, ಮನೆಯವರು ಮುಗಿಸಿಬಿಡುತ್ತಾರಂತೆ, ನಾನು ಇಲ್ಲೇ ಇರುತ್ತೇನೆ ಅಂದೆ. ಎರಡು ಸುಳ್ಳು ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ. ಯಾಕೆ ಹೇಳಿದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಅಪ್ಪ ಮಲಗಿದ್ದ ಆ ಮಂಚದ ಹತ್ತಿರ ಹೋಗಿ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ, ಇಷ್ಟೇ ತಿಳಿದದ್ದು.

ಆದರೆ ಸೂತಕ ಬಂದಿತ್ತು. ಅಪ್ಪ ಸತ್ತರೆ ಮಗನಿಗೆ ಹತ್ತು ದಿನ ಮೈಲಿಗೆ. ಅವನು ದೇವರನ್ನು ಮುಟ್ಟಬಾರದು, ಅವನು ಮಾಡಿದ್ದನ್ನು ಬೇರೆಯವರು ಉಣ್ಣಬಾರದು. ನನಗೆ ಇದರಲ್ಲಿ ಅಂಥ ನಂಬಿಕೆಯೇನಿಲ್ಲ, ಕಾಕುಗೆ ಇತ್ತು. ಹೇಳಿದರೆ ನನ್ನ ಕೈಯ ಅನ್ನ ಬಿಡುತ್ತಾರೆ, ಐದು ದಿನ ತಾವು ತಂದ ಒಣ ಅವಲಕ್ಕಿ ತಿಂದು ಮಾತ್ರೆ ನುಂಗಿ ಎಲ್ಲೋ ತಲೆ ತಿರುಗಿ ಬೀಳುತ್ತಾರೆ. ಹೇಳದಿದ್ದರೆ ಎಪ್ಪತ್ತು ವರ್ಷ ಅವರು ಕಾಪಾಡಿಕೊಂಡು ಬಂದದ್ದನ್ನು ಅವರಿಗೇ ಗೊತ್ತಿಲ್ಲದಂತೆ ನಾನು ಕೆಡಿಸುತ್ತೇನೆ. ಅಂದು ಸಂಜೆ ಕ್ಯೋಟೋದ ಹೋಟೆಲಿನಲ್ಲಿ ತಲೆಗೆ ನೀರು ಹಾಕಿಕೊಂಡು ಬಂದು, ಕುಕ್ಕರಿನ ಮುಂದೆ ಸುಮಾರು ಹೊತ್ತು ನಿಂತೆ. ಕೊನೆಗೆ ಅಕ್ಕಿ ತೊಳೆದಿಟ್ಟೆ. ಅಷ್ಟು ಹೊತ್ತಿಗೆ ಸಯನ್ನಿನ ಸ್ಮಶಾನದಲ್ಲಿ ಮುಗಿದಿತ್ತು. ತಮ್ಮ ಮೆಸೇಜ್ ಹಾಕಿದ್ದ. "ಹೋ ಗಯಾ" ಅಂತ ಎರಡೇ ಶಬ್ದ.

ಕಾಕು ಉಂಡರು. ಅನ್ನ ಸ್ವಲ್ಪ ಮುದ್ದೆಯಾಗಿದೆ ಎಂದರು.

ಮರುದಿನ ಕೆಂಪು ಕಮಾನುಗಳ ಗುಡಿಗೆ ಹೋದೆವು. ಗುಡ್ಡದ ಮೇಲಿನವರೆಗೆ ಒಂದರ ಹಿಂದೊಂದು ಸಾವಿರಾರು ಕಟ್ಟಿಗೆಯ ಕಮಾನುಗಳು, ಅವುಗಳ ಕೆಳಗೆ ದಾರಿ. ಅಲ್ಲಿಯ ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುವುದು ರೂಢಿ. ಇಲ್ಲಿ ಕೈ ತೊಳೆಯಬೇಕು, ಹೀಗೆ ಬಾಯಿ ಮುಕ್ಕಳಿಸಬೇಕು ಎಂದೆಲ್ಲ ಹೇಳುತ್ತಾ ಬಂದೆ. ಅಷ್ಟರಲ್ಲಿ ಅವಳು ಇನ್ನೊಂದು ಮಾತು ಸೇರಿಸಿದಳು. ಅದನ್ನೂ ಹೇಳಿದೆ, ಸ್ಟೇಷನ್ನಿನ ಅನೌನ್ಸ್‌ಮೆಂಟಿನ ದನಿಯಲ್ಲಿ.

"ಮನ್ಯಾಗ ಸಾವಾದವರು ಈ ಕಮಾನಿನ ಒಳಗ ಹೋಗಂಗಿಲ್ಲಂತ."

"ನೋಡ್ರಿ! ಥೇಟ್ ನಮ್ಮಂಗ ಅದ" ಎಂದು ಕಾಕು ಸಂತೋಷದಿಂದ ಎಲ್ಲರ ಮುಖ ನೋಡಿದರು. "ಸೂತಕ ಅಂದ್ರ ಎಲ್ಲಾ ಕಡೆ ಸೂತಕನ."

ಗುಂಪು ಒಳಗೆ ಹೋಯಿತು. ಚೀಲಗಳನ್ನು ನೋಡಿಕೊಳ್ಳುತ್ತೇನೆ ಎಂದು ನಾನು ಹೊರಗೆ ನಿಂತೆ. ಜಪಾನಿನಲ್ಲಿ ಚೀಲ ಕದಿಯುವವರಿಲ್ಲ ಎಂದು ಮೊದಲ ದಿನವೇ ಇದೇ ಬಾಯಿಂದ ಭಾಷಣ ಬಿಗಿದಿದ್ದೆ. ಅಪ್ಪನನ್ನು ಸುಡಲು ಹೋಗದವನಿಗೆ ಪರದೇಶದ ಗುಡಿಯ ನಿಯಮ ಮುರಿಯಲು ಆಗಲಿಲ್ಲ, ಇದೆಂಥ ಧರ್ಮವೋ ನನಗೆ ತಿಳಿಯದು. ಕಾಕು ಎರಡು ಕಮಾನು ದಾಟಿ ಹಿಂದಕ್ಕೆ ತಿರುಗಿ ನನ್ನನ್ನೇ ನೋಡಿದರು. ಮೊಣಕಾಲು ನೋವಿರಬೇಕು ಎಂದುಕೊಂಡೆ.

ಅಂದಿನಿಂದ ಅವರದೊಂದು ಹೊಸ ಹಟ ಶುರುವಾಯಿತು. ತಟ್ಟೆ ಇಟ್ಟು ಹೊರಟರೆ ಬಿಡುತ್ತಿರಲಿಲ್ಲ.

"ನೀನೂ ಕೂಡು. ಒಬ್ಬಾಕಿನ ಉಂಡ್ರ ನನಗ ಗಂಟಲಾಗ ಇಳಿಯಂಗಿಲ್ಲ."

ಮೊದಲೆರಡು ದಿನ ಇಳಿಯುತ್ತಿತ್ತಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಈ ಮುದುಕಿಯದೇನು ಕಾಟ ಎಂದು ಒಳಗೊಳಗೇ ಬೈದುಕೊಳ್ಳುತ್ತಾ ಎದುರು ಕೂತು ನಾಲ್ಕು ತುತ್ತು ತಿನ್ನುತ್ತಿದ್ದೆ, ಅವರು ಬೇಗ ಏಳಲಿ ಎಂದು. ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಿದ್ದರು. ಆಮೇಲೆ ಹೋದ ನಾರಾ ಊರಿನಲ್ಲಿ ಜಿಂಕೆಗಳು ಬಿಸ್ಕೀಟಿಗಾಗಿ ತಲೆ ಬಾಗಿಸುತ್ತವೆ, ನಮ್ಮವರು ತಿರುಗಿ ಅವಕ್ಕೆ ನಮಸ್ಕಾರ ಮಾಡಿದರು. ಚಹಾದ ಮನೆಯಲ್ಲಿ ಒಂದು ಬಟ್ಟಲು ಹಸಿರು ಚಹಾಕ್ಕೆ ಮುಕ್ಕಾಲು ಗಂಟೆ ಕಾಲು ಮಡಚಿ ಕೂತೆವು. ಎಲ್ಲ ಮುಗಿದು ಬೆಲ್ಲ ಇದೆಯೇ ಎಂದು ಬೆಳಗಾವಿಯವರೊಬ್ಬರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ಎಲ್ಲಿಂದ ಬಂತು ಎಂದು ಗೊತ್ತಾಗಲಿಲ್ಲ. ಹೀಗೆ ಎಂಟು ದಿನ ಮುಗಿದು ಮುಂಬೈಗೆ ಬಂದಿಳಿದೆವು. ಕೊನೆಯ ಸಲ ಎಣಿಸಿದೆ. ಯಾರಿಗೂ ಏನೂ ಹೇಳಲಿಲ್ಲ.

ಮನೆಯಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಬೆಂಕಿ ಕೊಟ್ಟವನೇ ಹತ್ತೂ ದಿನ ಮಾಡಬೇಕು ಎಂದರು ಪುರೋಹಿತರು. ಹಿರಿಯ ಮಗ ನಾನು, ಪಿಂಡ ಇಡುವವನು ಕಿರಿಯವನು. ಅವನಿಗೆ ಮಂತ್ರ ಉಚ್ಚರಿಸಲು ಬರುತ್ತಿರಲಿಲ್ಲ, ತಡವರಿಸಿಕೊಂಡು ಹೇಳುತ್ತಿದ್ದ. ಅಪ್ಪನ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ನಾನು ಅದರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಬಂದವರಿಗೆಲ್ಲ, ಟಿಕೆಟ್ ಸಿಗಲಿಲ್ಲರಿ, ಎಂದು ಹೇಳುತ್ತಿದ್ದೆ. ತಮ್ಮನೂ ನನ್ನ ಪರವಾಗಿ ಅದನ್ನೇ ಹೇಳುತ್ತಿದ್ದ. "ಅಣ್ಣಾ ಬಹುತ್ ಟ್ರೈ ಮಾಡಿದ."

ಅಪ್ಪ ಸತ್ತ ಒಂಬತ್ತನೆಯ ದಿನ ಮಧ್ಯಾಹ್ನ ಕಾಕು ಬಂದರು. ಆಫೀಸಿನಿಂದ ವಿಳಾಸ ಕೇಳಿಕೊಂಡು, ದಹಿಸರದಿಂದ ದಾದರಿಗೆ ಬಂದು, ಅಲ್ಲಿಯ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು ಗಾಡಿ ಬದಲಿಸಿ ಬಂದಿದ್ದರು. ನನ್ನಿಂದ ಒಂದು ಮೊಳ ದೂರದಲ್ಲಿ ಬರೀ ನೆಲದ ಮೇಲೆ ಕೂತರು.

"ಟ್ರೇನಿನ್ಯಾಗ ಫೋನ್ ಬಂತಲಾ, ಅವತ್ತ ಹೌದಲ್ಲೋ?"

"ಹೂಂ."

"ಮುಖಾ ನೋಡಿ ಸಂಶೇ ಬಂದಿತ್ತು. ಮರುದಿನಾ ನೀ ಆ ಕಮಾನಿನ ಹೊರಗ ನಿಂತೆಲ್ಲ, ಖರೇನ ಅಂತ ತಿಳೀತು."

"ಅದರ ಮುಂದ ನಾಕ್ ದಿನಾ ನನ್ನ ಕೈಯಾಗ ಉಂಡ್ರಲ್ಲ ಕಾಕು. ಸೂತಕದ ಅನ್ನಾ."

"ಉಂಡೆ. ಬಂದ ಮರುದಿನಾ ಪಂಚಗವ್ಯ ತೊಗೊಂಡು ಶುದ್ಧ ಮಾಡ್ಕೊಂಡೆ."

"ಅವಲಕ್ಕಿ ಇತ್ತಲ್ಲ ನಿಮ್ಮ ಹತ್ರ. ಯಾಕ ಉಂಡ್ರಿ?"

"ನಾ ಅವಲಕ್ಕಿ ತಿಂದಿದ್ರ ನೀ ಅಕ್ಕಿನ ಇಡ್ತಿದ್ದಿಲ್ಲ. ಅವತ್ತಿಂದ ನೀ ಏನೂ ತಿಂದಿದ್ದಿಲ್ಲೋ ತಮ್ಮಾ, ನಾ ನೋಡೀನಿ. ನಾ ಉಂಡ್ರ ನೀನೂ ನಾಕ್ ತುತ್ತ ಉಣ್ತಿದ್ದಿ."

ಅಷ್ಟು ದಿನ ಎಲ್ಲಿತ್ತೋ, ಎದೆಯಿಂದ ಕಿತ್ತುಕೊಂಡು ಬಂತು. ಅಳುತ್ತಲೇ ಹೇಳಿದೆ. "ನಾ ಬರಬಹುದಿತ್ತು ಕಾಕು. ವಿಮಾನ ಇತ್ತು. ಆಫೀಸಿನವರು ಹೋಗು ಅಂದಿದ್ರು. ನಾನ ಬರಲಿಲ್ಲ."

ಇರಲಿ ಬಿಡು, ಎಲ್ಲ ಹಣೆಬರಹ ಎಂದು ಏನಾದರೂ ಅನ್ನುತ್ತಾರೆ ಎಂದುಕೊಂಡಿದ್ದೆ. ಕಾಕು ಹಾಗೆ ಅನ್ನಲಿಲ್ಲ.

"ಹೂಂ. ಬರಬೇಕಿತ್ತು" ಅಂದರು.

ತಲೆ ಎತ್ತಿದರೆ ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಒದ್ದೆ ಪಂಚೆ, ಬೋಳಿಸಿದ ತಲೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕಾಕು ನನ್ನ ಅಳು ನಿಲ್ಲುವ ತನಕ ಕೂತಿದ್ದರು. ಆಮೇಲೆ ಸಾವಿನ ಮನೆಯಿಂದ ಏಳುವವರ ಹಾಗೆ, ಹೋಗಿ ಬರುತ್ತೇನೆ ಎನ್ನದೆ ಎದ್ದು ಹೋದರು.

ತಮ್ಮ ಒಳಗೆ ಹೋಗಿ ಎರಡು ತಟ್ಟೆ ತಂದಿಟ್ಟ. "ಅಣ್ಣಾ, ಉಣ್ಣಾಕ ಬಾ" ಅಂದ. ನಾವಿಬ್ಬರೂ ಎದುರಾಬದುರು ಕೂತು ಉಂಡೆವು. ಆ ವಿಮಾನದ ಮಾತನ್ನು ಅವನು ಅವತ್ತು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.